ಗೌರಿ ಹೋಗ್ತಾಳೋ, ಇಲ್ವೋ

ನಾಗಾರ್ಜುನನ ನಾಟಕದ ಕೊನೆಯ ಪುಟ ಮೂರು ವಾರದಿಂದ ಖಾಲಿ ಬಿದ್ದಿತ್ತು. ಗಂಡನ ಮನೆಯಿಂದ ತವರಿಗೆ ಓಡಿಬಂದ ಗೌರಿ ಎಂಬ ಹೆಣ್ಣುಮಗಳು ಹೊಸ್ತಿಲಲ್ಲಿ ನಿಂತಿದ್ದಾಳೆ. ಅಂಗಳದಲ್ಲಿ ಗಂಡ ಕರೆದುಕೊಂಡು ಹೋಗಲು ಬಂದು ನಿಂತಿದ್ದಾನೆ. ಒಳಗೆ ಅಪ್ಪ ನಿಂತಿದ್ದಾನೆ. ಎಲ್ಲರೂ ನಿಂತೇ ಇದ್ದಾರೆ, ಏಕೆಂದರೆ ಬರೆಯುವವನ ಪೆನ್ನೂ ನಿಂತಿದೆ. ಹೋದರೆ ಏನಾಗುತ್ತದೋ ಎಂಬ ಭಯ ಗೌರಿಗೆ, ಹೋಗದಿದ್ದರೆ ಏನಾಗುತ್ತದೋ ಎಂಬ ಭಯವೂ ಗೌರಿಗೇ. ಆ ಎರಡು ಭಯವನ್ನೂ ಅವಳಿಗೆ ಕೊಟ್ಟವನು ತಾನೇ ಎಂದು ಗೊತ್ತಿದ್ದೂ ನಾಗಾರ್ಜುನ ಅವಳಿಗಿಂತ ಹೆಚ್ಚು ಹೆದರಿ ಕೂತಿದ್ದ.

ಈ ಮನುಷ್ಯನಿಗೆ ಬದುಕಿನಲ್ಲಿ ಎರಡೇ ಕೆಲಸ, ಸೀರೆ ನೇಯುವುದು ಮತ್ತು ನಾಟಕ ಬರೆಯುವುದು. ಮೊದಲನೆಯದು ಹೊಟ್ಟೆಗೆ, ಎರಡನೆಯದು ಹೆಸರಿಗೆ. ಮೊಳಕಾಲ್ಮೂರಿನ ಸುತ್ತಲಿನ ಹಳ್ಳಿಗಳಲ್ಲಿ ಅವನನ್ನು ಯಾರೂ ನಾಗಾರ್ಜುನ ಎನ್ನುವುದಿಲ್ಲ, ಎಲ್ಲರಿಗೂ ಅವನು ಮಾಸ್ತರು. ಯುಗಾದಿಗೆ ನಾಟಕ ಆಡಬೇಕೆಂದರೆ ಕಥೆ ಕಟ್ಟಿಕೊಡುವವನು ಅವನು, ಹಾರ್ಮೋನಿಯಂ ಹಿಡಿದು ತಾಲೀಮು ಮಾಡಿಸುವವನು ಅವನು, ಆಡುವಾಗ ಪರದೆಯ ಮರೆಯಲ್ಲಿ ಕೂತು ಮಾತು ಎತ್ತಿಕೊಡುವವನೂ ಅವನೇ. ಮಾತು ಎತ್ತಿಕೊಡುವುದೇ ಎಲ್ಲಕ್ಕಿಂತ ದೊಡ್ಡ ಕೆಲಸ. ಈ ಕಡೆಯ ನಟರು ಬಾಯಿಪಾಠ ಮಾಡುವ ಗೋಜಿಗೆ ಹೋಗುವವರಲ್ಲ. ಮಾಸ್ತರು ಪಿಸುಗುಟ್ಟಬೇಕು, ಇವರು ಗುಡುಗಬೇಕು. ಮಾಸ್ತರು ನಡುವೆ ಕೆಮ್ಮಿದರೆ ಇವರೂ ಒಮ್ಮೆ ಕೆಮ್ಮಿ ಮುಂದುವರಿಸಿದ್ದುಂಟು.

ಊರಿಗೆಲ್ಲ ಮಾತು ಎತ್ತಿಕೊಡುವ ಈ ಮಾಸ್ತರನಿಗೆ ತೀರ್ಮಾನ ಮಾಡುವುದೆಂದರೆ ಮೈ ಬೆವರುತ್ತಿತ್ತು. ಹೋಟೆಲಿನಲ್ಲಿ ಏನು ಬೇಕೆಂದು ಕೇಳಿದರೆ ಪಕ್ಕದವನ ತಟ್ಟೆ ನೋಡಿ "ಅದೇ ಕೊಡಪ್ಪ" ಎನ್ನುತ್ತಿದ್ದ. ಮಗ್ಗದಲ್ಲಿ ಮಾತ್ರ ಈ ಕಾಟವಿರಲಿಲ್ಲ, ಯಾಕೆಂದರೆ ಅಲ್ಲಿ ಅವನ ಬಲಕ್ಕೆ ಹೆಂಡತಿ ಪುಷ್ಪಾ ಕೂರುತ್ತಿದ್ದಳು. ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣ ಇರುವ ಸೀರೆಗೆ ಇಬ್ಬರು ಬೇಕು. ಅವನು ಒಡಲಿನ ಲಾಳಿ ಎಸೆದ ಕೂಡಲೇ ಅವಳು ಅಂಚಿನ ಲಾಳಿ ಎಸೆಯಬೇಕು. ಅವನು ಅರೆಕ್ಷಣ ತಡೆದರೆ ಸಾಕು, "ಏಮಂಡಿ, ನಿದ್ದೆನಾ?" ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ತಿವಿಯುತ್ತಿದ್ದಳು.

ಅವನ ಹೆದರಿಕೆ ಹುಟ್ಟುಗುಣವೆಂದು ಪುಷ್ಪಾ ತಿಳಿದಿದ್ದಳು. ಅರ್ಧ ನಿಜ. ಉಳಿದರ್ಧ ತಳಕು ಎಂಬ ಊರಿನ ಕಡೆಯಿಂದ ಬಂದದ್ದು. ಹನ್ನೊಂದು ವರ್ಷದ ಹಿಂದೆ ಅಲ್ಲಿನ ಒಂದು ಹಳ್ಳಿಯಲ್ಲಿ ಅವನ ನಾಟಕ ಆಡಿದ್ದರು. ಅಣ್ಣನ ಮೇಲೆ ಮುನಿಸಿಕೊಂಡ ತಮ್ಮ ಹೆಗಲ ಮೇಲೊಂದು ಟವೆಲ್ ಹಾಕಿಕೊಂಡು, ಹಿಂದೆ ತಿರುಗದೆ ಮನೆ ಬಿಟ್ಟು ಹೋಗುವುದರೊಂದಿಗೆ ನಾಟಕ ಮುಗಿಯುತ್ತಿತ್ತು. ಶಿಳ್ಳೆಯೋ ಶಿಳ್ಳೆ. ಒಂದೂವರೆ ತಿಂಗಳಿಗೆ ಅದೇ ಊರಿನ ಚಂದ್ರಣ್ಣ ಎಂಬ ಇಪ್ಪತ್ನಾಲ್ಕರ ಗಂಡುಮಗ ಅಣ್ಣನ ಜತೆ ಜಗಳಾಡಿ ಹೆಗಲ ಮೇಲೊಂದು ಟವೆಲ್ ಹಾಕಿಕೊಂಡು ಹೋದವನು ಇವತ್ತಿಗೂ ಪತ್ತೆಯಿಲ್ಲ. ನಾಟಕದಿಂದಲೇ ಹೀಗಾಯಿತೆಂದು ಯಾರೂ ಹೇಳಲಿಲ್ಲ. ಅವನ ತಾಯಿ ನಿಂಗಕ್ಕ ಮಾತ್ರ ಒಮ್ಮೆ ತಳಕಿನ ಬಸ್‌ಸ್ಟ್ಯಾಂಡಿನಲ್ಲಿ ನಾಗಾರ್ಜುನನ ಕೈ ಹಿಡಿದು ಕೇಳಿದ್ದಳು.

"ಮಾಸ್ತರೆ, ನಿಮ್ಮ ನಾಟಕದಾಗೆ ಆ ತಮ್ಮ ಮನೆ ಬಿಟ್ಟು ಹೋದ್ನಲ್ಲ, ಅವನು ಆಮ್ಯಾಲೆ ಎಲ್ಲಿಗೆ ಹೋದ?"

ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ನಿಜವಾಗಿಯೂ ಕೇಳುತ್ತಿದ್ದಳು. ಬರೆದವನಿಗೆ ಗೊತ್ತಿರಬೇಕೆಂದು ನಂಬಿದ್ದಳು. ಆಮೇಲಿನದನ್ನು ನಾಗಾರ್ಜುನ ಬರೆದಿರಲಿಲ್ಲ. ಅಂದಿನಿಂದ ಅವನ ನಾಟಕಗಳಿಗೆ ಕೊನೆ ಬರೆಯುವ ಹೊತ್ತಿಗೆ ಪೆನ್ನು ನಿಂತುಬಿಡುತ್ತದೆ. ಚಳ್ಳಕೆರೆಗೆ ಹೋಗುವ ಬಸ್ಸು ತಳಕಿನಲ್ಲಿ ನಿಂತರೆ ಅವನು ಸೀಟಿನಲ್ಲಿ ತಗ್ಗಿ ಕೂರುತ್ತಾನೆ.

ಈ ಸಲದ ನಾಟಕ ಕೊಂಡ್ಲಹಳ್ಳಿ ಹತ್ತಿರದ ಒಂದು ಹಟ್ಟಿಯವರದು. ಹೆಸರು 'ಹೊಸ್ತಿಲ ಗೌರಿ ಅರ್ಥಾತ್ ತವರಿನ ಋಣ'. ಪ್ರತಿ ಭಾನುವಾರ ಮಧ್ಯಾಹ್ನ ಹಟ್ಟಿಯ ಸಮುದಾಯ ಭವನದಲ್ಲಿ ತಾಲೀಮು. ಮುಂದೆ ನಿಂತು ನಡೆಸುತ್ತಿದ್ದವನು ಇನ್ನೂರು ಕುರಿಗಳ ಯಜಮಾನ ಕಾಮಣ್ಣ. ಗೌರಿಯ ಅಪ್ಪನ ಪಾತ್ರವೂ ಅವನದೇ. ಕುರಿಗಳನ್ನು ಕೂಗಿ ಕೂಗಿ ಬಂದ ಕಂಠ, ಮೈಕು ಬೇಕಿಲ್ಲ. ಕೊನೆ ಹೇಗಿರಬೇಕೆಂಬ ವಿಷಯದಲ್ಲಿ ಅವನಿಗೆ ಯಾವ ಅನುಮಾನವೂ ಇರಲಿಲ್ಲ.

"ಗೌರೀನ ಗಂಡನ ಮನೆ ಸೇರಿಸ್ರಿ ಮಾಸ್ತರೆ. ಹೆಂಗಸ್ರು ನಾಲ್ಕು ಹನಿ ಕಣ್ಣೀರು ಹಾಕಿ ನೆಮ್ಮದಿಯಾಗಿ ಮನೆಗೆ ಹೋಗ್ಬೇಕು. ಸಿಟ್ ಮಾಡ್ಕೊಂಡು ಹೋಗ್ಬಾರ್ದು."

"ನೋಡಾನ ಕಾಮಣ್ಣ, ಇನ್ನೂ ಬರೀತಿದೀನಿ," ಎಂದು ನಾಗಾರ್ಜುನ ಜಾರಿಕೊಳ್ಳುತ್ತಿದ್ದ.

ತಾಲೀಮಿಗೆ ಚಹಾ ತರುತ್ತಿದ್ದವಳು ಕಾಮಣ್ಣನ ಮಗಳು ಸ್ವಪ್ನ. ಇಪ್ಪತ್ಮೂರು ವಯಸ್ಸು. ಮೂರು ತಿಂಗಳಿಂದ ತವರಿನಲ್ಲಿದ್ದಳು. ಗಂಡನ ಊರು ನಾಯಕನಹಟ್ಟಿಯ ಆಚೆ. ಗಂಡ ಹೆಂಡತಿಗೆ ಜಗಳವಂತೆ, ಸರಿಹೋಗುತ್ತದಂತೆ ಎಂಬಷ್ಟೇ ಮಾತು ಹಟ್ಟಿಯಲ್ಲಿತ್ತು. ಚಹಾ ಕೊಟ್ಟ ಮೇಲೂ ಅವಳು ಹೋಗುತ್ತಿರಲಿಲ್ಲ. ಗೋಡೆಗೆ ಒರಗಿ ಕೊನೆಯವರೆಗೂ ನೋಡುತ್ತಿದ್ದಳು. ನಾಟಕದ ಹುಚ್ಚಿರಬೇಕು ಎಂದು ನಾಗಾರ್ಜುನ ಒಳಗೊಳಗೇ ಹಿಗ್ಗಿದ್ದ.

ಮೂರನೆಯ ಭಾನುವಾರ ಎಲ್ಲರೂ ಹೋದ ಮೇಲೆ ಅವನು ಹಾರ್ಮೋನಿಯಂ ಪೆಟ್ಟಿಗೆಗೆ ಹಾಕುತ್ತಿದ್ದಾಗ ಅವಳು ಹತ್ತಿರ ಬಂದಳು.

"ಮಾಸ್ತರೆ, ಗೌರಿ ಹೋಗ್ತಾಳೋ, ಇಲ್ವೋ?"

"ಯಾಕವ್ವ, ಮುಂದಿನ ವಾರ ಗೊತ್ತಾಗ್ತೈತೆ ಬಿಡು," ಎಂದು ಅವನು ನಕ್ಕ.

"ಮುಂದಿನ ವಾರಾನೇ ನಮ್ಮನೆಯೋರು ಬರ್ತಾರೆ. ಹಿರೇರು ಕೂತು ರಾಜಿ ಮಾಡಿದಾರೆ, ಭಾನುವಾರ ಕಳಿಸ್ಬೇಕು ಅಂತ. ಗೌರಿ ಹೋದ್ರೆ ನಾನೂ ಹೋಗ್ತೀನಿ. ಹೋಗ್ದಿದ್ರೆ ನಾನೂ ಹೋಗಲ್ಲ."

ನಾಗಾರ್ಜುನನ ಕೈಯಿಂದ ಪೆಟ್ಟಿಗೆಯ ಮುಚ್ಚಳ ಬಿತ್ತು. "ಅದು ನಾಟಕ ತಾಯಿ, ಕಟ್ಟುಕಥೆ," ಎಂದೇನೋ ತೊದಲಿದ. ಅವಳು ತಲೆಯಾಡಿಸಿದಳು.

"ಗೊತ್ತು ಮಾಸ್ತರೆ. ಆದ್ರೆ ನೀವು ಬರ್ದಿರೋ ಹಂಗೇ ಐತೆ ನನ್ನ ಕಥೆ. ನೀವು ಓದಿರೋರು. ಯೋಚ್ನೆ ಮಾಡಿ ಬರೀತೀರ. ನಂಗೆ ಯೋಚ್ನೆ ಮಾಡಿ ಮಾಡಿ ತಲೆ ಕೆಟ್ಟೋಗೈತೆ. ಮಗು ಅಲ್ಲೇ ಐತೆ, ನಮ್ಮತ್ತೆ ಹತ್ರ. ಒಂದೂವರೆ ವರ್ಷದ್ದು. ಹೋಗ್ಲಿಲ್ಲಾಂದ್ರೆ ಅದು ನನ್ನ ಮರ್ತೋಗ್ತೈತೆ."

"ಹೋದ್ರೆ?"

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಅವರು ಹೊಡಿಯಲ್ಲ ಮಾಸ್ತರೆ. ದನದ ನೀರಿನ ತೊಟ್ಟಿ ಐತಲ್ಲ, ಅದ್ರಾಗೆ ನನ್ನ ತಲೆ ಅದುಮಿ ಹಿಡ್ಕೊಂಡು ಎಣಿಸ್ತಾರೆ. ಮೊದ್ಲು ಮೊದ್ಲು ಹತ್ತು ಎಣಿಸ್ತಿದ್ರು. ಬರೋಕೆ ಮುಂಚೆ ಮೂವತ್ತಾಗಿತ್ತು."

"ನಿಮ್ಮಪ್ಪಂಗೆ ಗೊತ್ತಾ ಇದು?"

"ಜಗಳ ಅಂತ ಗೊತ್ತು. ತೊಟ್ಟಿ ವಿಷ್ಯ ಹೇಳೋಕೆ ಬಾಯೇ ಬರಲ್ಲ." ಖಾಲಿ ಲೋಟಗಳನ್ನು ತಟ್ಟೆಗೆ ಜೋಡಿಸಿಕೊಂಡು ಅವಳು ಹೊರಟುಹೋದಳು.

ಅಂದು ಬಸ್ಸಿನಲ್ಲಿ ಅವನು ಉಸಿರು ಬಿಗಿಹಿಡಿದ. ಸುಮ್ಮನೆ ಮನಸ್ಸಿನಲ್ಲಿ ಮೂವತ್ತರವರೆಗೆ ಎಣಿಸಿ ನೋಡಿದ. ಹದಿನೆಂಟಕ್ಕೇ ಬಾಯಿ ತೆರೆದು ಗಾಳಿ ಎಳೆದುಕೊಂಡ. ಇವನು ವಾಂತಿ ಮಾಡುತ್ತಾನೇನೋ ಎಂದು ಪಕ್ಕದವನು ಹೆದರಿ ಕಿಟಕಿಯ ಸೀಟು ಬಿಟ್ಟುಕೊಟ್ಟ.

ಮರುದಿನ ಮಗ್ಗದಲ್ಲಿ ಲಾಳಿ ಕೈಯಲ್ಲೇ ಉಳಿಯತೊಡಗಿತು. ಪುಷ್ಪಾ ನಾಲ್ಕು ಸಲ ತಿವಿದಳು, ಐದನೆಯ ಸಲ ತಾನೂ ಲಾಳಿ ಕೆಳಗಿಟ್ಟು ಏನೆಂದು ಕೇಳಿದಳು. ಅವನು ಎಲ್ಲವನ್ನೂ ಹೇಳಿದ.

"ಹೋಗ್ಬೇಡ ಅಂತ ಬರೆದುಬಿಡಿ. ಇದ್ರಾಗೆ ಯೋಚ್ನೆ ಮಾಡೋದೇನೈತೆ?"

"ಮಗು ಕೈ ತಪ್ಪಿ ಹೋದ್ರೆ? ನಾಳೆ ಅವ್ಳು ಬಾವಿಗೆ ಬಿದ್ರೆ? ನನ್ನ ನಾಟಕ ನೋಡಿ ಹಿಂಗಾತು ಅಂತ..."

"ಹಂಗಾದ್ರೆ ಹೋಗು ಅಂತ ಬರೀರಿ."

"ಅಲ್ಲಿ ಅವನು ನಲವತ್ತು ಎಣಿಸಿದ್ರೆ?"

ನಗಬೇಕೆಂದಿದ್ದ ಪುಷ್ಪಾ ನಗಲಿಲ್ಲ. "ನಿಮಗೆ ಅವ್ಳ ಭಯಾನೋ, ನಿಮ್ಮ ತಲೆ ಮ್ಯಾಲೆ ಬರ್ತೈತೆ ಅನ್ನೋ ಭಯಾನೋ?" ಎಂದಳು. ಅವನಿಗೆ ಉತ್ತರ ಗೊತ್ತಿತ್ತು. ಆ ದಿನ ಒಂದು ಗೇಣು ಸೀರೆಯೂ ಮುಂದುವರಿಯಲಿಲ್ಲ.

ಬುಧವಾರದ ಹೊತ್ತಿಗೆ ಎರಡು ಕೊನೆ ಬರೆದಿದ್ದ. ಒಂದರಲ್ಲಿ ಗೌರಿ ಹೋಗುತ್ತಾಳೆ, ಒಂದರಲ್ಲಿ ಹೋಗುವುದಿಲ್ಲ. ಎರಡನ್ನೂ ಓದಿದರೆ ಎರಡೂ ಸರಿ ಅನ್ನಿಸುತ್ತಿತ್ತು, ಎರಡೂ ಕೊಲೆ ಅನ್ನಿಸುತ್ತಿತ್ತು. ಗುರುವಾರ ಆ ಎರಡು ಹಾಳೆ ಹಿಡಿದು ಚಳ್ಳಕೆರೆಯ ಬಸ್ಸು ಹತ್ತಿದ. ಗೌರಿಯ ಪಾತ್ರಕ್ಕೆ ಗೊತ್ತು ಮಾಡಿದ್ದ ಗೀತಮ್ಮ ಇದ್ದದ್ದು ಅಲ್ಲಿ. ಇಪ್ಪತ್ತೆರಡು ವರ್ಷದಿಂದ ಸುತ್ತಲ ಜಿಲ್ಲೆಗಳಲ್ಲಿ ಅಳುವ ಪಾತ್ರ ಮಾಡಿಕೊಂಡು ಬಂದವಳು. ಇಂಥ ವಿಷಯ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ, ಅವಳೇ ಒಂದನ್ನು ಆರಿಸಲಿ ಎಂಬುದು ಅವನ ಉಪಾಯ. ತೀರ್ಮಾನವನ್ನು ಇನ್ನೊಬ್ಬರ ತಲೆಗೆ ಕಟ್ಟುವುದರಲ್ಲಿ ಮಾತ್ರ ಅವನು ಯಾವತ್ತೂ ಹಿಂದೆಮುಂದೆ ನೋಡಿದವನಲ್ಲ.

ಗೀತಮ್ಮ ಅವರೆಕಾಯಿ ಸುಲಿಯುತ್ತಾ ಸ್ವಪ್ನಳ ವಿಷಯ ಕೇಳಿಕೊಂಡು, ಎರಡನ್ನೂ ಓದಿಸಿ ಕೇಳಿದಳು. "ನಂಗೆ ಎರಡೂ ಒಂದೇ ಮಾಸ್ತರೆ. ಹೋಗು ಅಂದ್ರೆ ಹೋಗ್ತೀನಿ, ಬ್ಯಾಡ ಅಂದ್ರೆ ನಿಂತ್ಕೊಂಡು ಅಳ್ತೀನಿ. ಪರದೆ ಆಚೆ ಹೋದ್ರೆ ನಂಗೆ ಚಹಾ ಕಾದಿರ್ತೈತೆ. ಆ ಹುಡುಗಿಗೆ ಏನು ಕಾದಿರ್ತೈತೆ?"

ಅವನು ಹಾಳೆಗಳನ್ನು ಮಡಚಿ ಜೇಬಿಗಿಟ್ಟುಕೊಂಡ. ವಾಪಸು ಬರುವಾಗ ಬಸ್ಸಿನಲ್ಲಿ ಎರಡನ್ನೂ ಹರಿದು ಕಿಟಕಿಯಿಂದ ಬಿಟ್ಟ. ಭಾನುವಾರಕ್ಕೆ ಇನ್ನು ಮೂರೇ ದಿನವಿತ್ತು. ಪುಟ ಮತ್ತೆ ಖಾಲಿ.

ಭಾನುವಾರ ಸಮುದಾಯ ಭವನ ಎಂದಿಗಿಂತ ತುಂಬಿತ್ತು. ರಾಜಿ ಮಾಡಿದ ಹಿರಿಯರು ಬಂದಿದ್ದರು. ಮುಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕಾಮಣ್ಣನ ಅಳಿಯ ಮುತ್ತುರಾಜ್ ಕೂತಿದ್ದ. ನಾಗಾರ್ಜುನ ಯಾವುದೋ ರಾಕ್ಷಸನನ್ನು ಊಹಿಸಿಕೊಂಡಿದ್ದ. ಮುತ್ತುರಾಜ್ ಎದ್ದು ಬಂದು ಕೈ ಮುಗಿದ, ತಂದಿದ್ದ ಜಿಲೇಬಿ ಪೊಟ್ಟಣವನ್ನು ತಾನೇ ಬಿಚ್ಚಿ ಎಲ್ಲರಿಗೂ ಹಂಚಿದ. "ತಾಲೀಮು ಮುಗೀಲಿ ಮಾಮ, ಆಮೇಲೆ ಹೊರಡ್ತೀವಿ. ಅವಸರ ಏನಿಲ್ಲ," ಎಂದು ಕಾಮಣ್ಣನಿಗೆ ಹೇಳಿದ. ಅಷ್ಟು ಮೆತ್ತಗಿನ ಮಾತು ಕೇಳಿ ನಾಗಾರ್ಜುನ ಕೈಯಲ್ಲಿದ್ದ ಜಿಲೇಬಿಯನ್ನು ತಿನ್ನದೆ ಪಕ್ಕಕ್ಕಿಟ್ಟ.

ತಾಲೀಮು ಶುರುವಾಯಿತು. ಗೀತಮ್ಮ ತವರಿನ ಹಾಡು ಹೇಳಿದಳು. ಮುತ್ತುರಾಜ್ ತೊಡೆ ತಟ್ಟಿ ತಾಳ ಹಾಕುತ್ತಾ, ತುಟಿಯಲ್ಲೇ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತಿದ್ದ. ಗೋಡೆಯ ಬಳಿ ಸ್ವಪ್ನಳ ಕೈಯಲ್ಲಿದ್ದ ತಟ್ಟೆಯ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಯಾರೂ ಅತ್ತ ನೋಡಲಿಲ್ಲ. ನೋಡಿದವನು ನಾಗಾರ್ಜುನ ಒಬ್ಬನೇ, ಅವನ ಬೆರಳು ಹಾರ್ಮೋನಿಯಂನ ತಪ್ಪು ಮನೆ ಒತ್ತಿತು.

ಕೊನೆಯ ದೃಶ್ಯ ಬಂತು. ಹೊಸ್ತಿಲಿಗೆಂದು ಇಟ್ಟಿದ್ದ ಹಲಗೆಯ ಮೇಲೆ ಗೀತಮ್ಮ ನಿಂತಳು. ಎದುರಿಗೆ ಅಪ್ಪನಾಗಿ ಕಾಮಣ್ಣ. ಇಬ್ಬರೂ ಮಾತಿಗಾಗಿ ಮಾಸ್ತರನ ಕಡೆ ಕಿವಿ ಕೊಟ್ಟರು. ಸ್ವಪ್ನಳೂ ಕೊಟ್ಟಳು. ನಾಗಾರ್ಜುನ ನೋಟ್‌ಬುಕ್ಕಿನ ಖಾಲಿ ಹಾಳೆ ನೋಡಿದ. ಏನಾದರೂ ಹೇಳಲೇಬೇಕಿತ್ತು. ಉತ್ತರ ಸಿಗದೆ, ಪ್ರಶ್ನೆಯನ್ನೇ ಪಿಸುಗುಟ್ಟಿದ.

ಗೀತಮ್ಮ ಒಂದು ಕ್ಷಣ ಅವನತ್ತ ಓರೆಗಣ್ಣಿನಲ್ಲಿ ನೋಡಿ, ಎತ್ತಿದ ದನಿಯಲ್ಲಿ ಹೇಳಿದಳು. "ಅಪ್ಪಾ, ನಾನು ಹೋದರೆ ಜೀವಂತವಾಗಿ ಉಳಿಯುವುದಿಲ್ಲ. ಹೋಗಲೇ?"

ಕಾಮಣ್ಣ ಎದೆಯುಬ್ಬಿಸಿ, ತನ್ನ ಮಾತಿಗಾಗಿ ಕಿವಿ ಇತ್ತ ವಾಲಿಸಿದ.

"ಮಾಸ್ತರೆ, ನನ್ನ ಮಾತು ಎತ್ಕೊಡ್ರಿ."

"ನಿಮ್ಮ ಮಾತು ಬರೆದಿಲ್ಲ ಕಾಮಣ್ಣ. ನೀವೇ ಹೇಳ್ರಿ."

ಭವನದಲ್ಲಿ ಯಾರೋ ನಕ್ಕರು. ಕಾಮಣ್ಣ ನಗಲಿಲ್ಲ. ಜೀವಮಾನದಲ್ಲಿ ಒಂದು ಮಾತನ್ನೂ ಸ್ವಂತಕ್ಕೆ ಹೇಳದ ನಟ ಹಿರಿಯರ ಕಡೆ ನೋಡಿದ, ಅಳಿಯನ ಕಡೆ ನೋಡಿದ. ಮುತ್ತುರಾಜ್ ಮುಗುಳ್ನಕ್ಕು ತಲೆಯಾಡಿಸಿದ, ಹೇಳ್ರಿ ಮಾಮ ಎಂಬಂತೆ. ಕಾಮಣ್ಣನ ತುಟಿ 'ಹೋ' ಎನ್ನಲು ದುಂಡಗಾದದ್ದು ನಾಗಾರ್ಜುನನಿಗೆ ಕಂಡಿತು. ಸ್ವಪ್ನ ತಟ್ಟೆಯನ್ನು ನಿಧಾನವಾಗಿ ನೆಲಕ್ಕಿಡಲು ಬಾಗಿದ್ದೂ ಕಂಡಿತು.

"ಹೋಗ್ಬೇಡ ಸ್ವಪ್ನಾ!"

ಪಿಸುಮಾತಿಗೆ ಪಳಗಿದ ಮಾಸ್ತರನ ಗಂಟಲು ಒಡೆದು ಹೋಗಿತ್ತು. ತಾನು ಗೌರಿ ಎನ್ನಲಿಲ್ಲವೆಂದು ಅವನಿಗೆ ತಿಳಿದದ್ದು ಎಲ್ಲರೂ ತಿರುಗಿ ಸ್ವಪ್ನಳನ್ನು ನೋಡಿದ ಮೇಲೆ. ಬಾಯಿಂದ ಬಿದ್ದ ಮಾತನ್ನು ಹೆಕ್ಕಿಕೊಂಡು ಓಡಿಹೋಗಬೇಕೆನ್ನಿಸಿತು.

ಮುತ್ತುರಾಜ್ ಎದ್ದ. ದನಿ ಆಗಲೂ ಏರಲಿಲ್ಲ. "ಒಳ್ಳೆ ಮಾತು ಮಾಸ್ತರೆ. ಅಲ್ಲಿ ಮಗು ಅವ್ವಾ ಅವ್ವಾ ಅಂತೈತೆ. ನೀವು ಬಂದು ನೋಡ್ಕೊಂತೀರಾ?"

ಮಾತಾಡಿದವಳು ಸ್ವಪ್ನ. ಅಪ್ಪನನ್ನಲ್ಲದೆ ಬೇರೆ ಯಾರನ್ನೂ ನೋಡದೆ ಹೇಳಿದಳು. "ಅಪ್ಪ, ನೀರಿನ ತೊಟ್ಯಾಗೆ ನನ್ನ ತಲೆ ಅದುಮಿ ಎಣಿಸ್ತಾರೆ. ಮೂವತ್ತು ಎಣಿಸ್ತಾರೆ."

ಕಾಮಣ್ಣ ವರ್ಷಕ್ಕೆರಡು ಸಲ ತನ್ನ ಕುರಿಗಳನ್ನು ಮೈಗೆ ಅಂಟುವ ಉಣ್ಣೆಹುಳ ಸಾಯಿಸುವ ಔಷಧಿ ಕಲಸಿದ ನೀರಿನಲ್ಲಿ ಅದ್ದಿ ತೆಗೆಯುವವನು. ತಲೆ ಮುಳುಗಿಸಿ ಎರಡು ಎಣಿಸುವಷ್ಟರಲ್ಲಿ ಎತ್ತದಿದ್ದರೆ ಆಳುಗಳ ಜನ್ಮ ಜಾಲಾಡುವವನು. ಮೂವತ್ತು ಎಂಬ ಮಾತು ಕೇಳಿ ಅವನು ಹಲಗೆ ದಾಟಿ ಬಂದು ಮಗಳ ಪಕ್ಕದಲ್ಲಿ ನಿಂತುಕೊಂಡ.

"ಜಂಪಣ್ಣನ ಲಗೇಜ್ ಆಟೋ ಕರೀರಲೇ," ಎಂದ. "ಮಗೀನ ಕರ್ಕೊಂಡು ಬರ್ಬೇಕು."

ಮುತ್ತುರಾಜ್ ಏನೂ ಹೇಳದೆ ಹೊರಗೆ ಹೋಗಿ ಬೈಕು ಹತ್ತಿದ. ಬೈಕಿನ ಸದ್ದು ದೂರವಾಗುತ್ತಿದ್ದಂತೆ ನಾಗಾರ್ಜುನನಿಗೆ ಹೊಳೆಯಿತು, ಇವರಿಗಿಂತ ಮೊದಲು ಅವನು ಮನೆ ತಲುಪುತ್ತಾನೆ. ಮಗುವನ್ನು ಎಲ್ಲಿಗಾದರೂ ಸಾಗಿಸಿಬಿಟ್ಟರೆ? ತಾನು ಬಾಯಿ ಬಿಡದಿದ್ದರೆ ಹೀಗಾಗುತ್ತಿತ್ತೇ? ಯಾರೂ ಕರೆಯದಿದ್ದರೂ ಅವನು ಆಟೋದ ಹಿಂಭಾಗಕ್ಕೆ ಹತ್ತಿ ಕೂತ. ಎದುರಿಗೆ ಸ್ವಪ್ನ ಕಂಬಿ ಹಿಡಿದು ಕೂತಿದ್ದಳು. ಒಂದು ಗಂಟೆಯ ದಾರಿಯಲ್ಲಿ ಅವಳು ಒಂದೇ ಮಾತು ಕೇಳಿದ್ದು. "ಸರಿ ಮಾಡಿದ್ನಾ ಮಾಸ್ತರೆ?"

"ಗೊತ್ತಿಲ್ಲವ್ವ," ಎಂದ. ಸುಳ್ಳು ಹೇಳಲು ಅವನಿಗೆ ಧೈರ್ಯವಾಗಲಿಲ್ಲ.

ಮುತ್ತುರಾಜನ ಮನೆಯ ಮುಂದೆ ಬೈಕು ನಿಂತಿತ್ತು. ಅವನು ಜಗುಲಿಯ ಮೇಲೆ ಕೈಕಟ್ಟಿ ಕೂತಿದ್ದ. ಬಾಗಿಲಲ್ಲಿ ಅವನ ತಾಯಿ ತಿಪ್ಪೇರುದ್ರಮ್ಮ ಮಗುವನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದಳು. ಒಣಗಿದ ಜೀವ, ಸೆರಗನ್ನು ಕಿವಿಯವರೆಗೂ ಹೊದ್ದಿದ್ದಳು. ಮಗು ಸ್ವಪ್ನಳನ್ನು ಕಂಡು ಕೈ ಚಾಚಲಿಲ್ಲ, ಸುಮ್ಮನೆ ನೋಡಿತು.

"ಒಳಗ್ ಬಾ," ಎಂದಳು ತಿಪ್ಪೇರುದ್ರಮ್ಮ.

ಸ್ವಪ್ನ ನಾಗಾರ್ಜುನನನ್ನೂ ನೋಡಲಿಲ್ಲ, ಅಪ್ಪನನ್ನೂ ನೋಡಲಿಲ್ಲ. "ಬರಲ್ಲ ಅತ್ತೆ. ಮಗೂನ ಕೊಡ್ರಿ," ಎಂದು ಎರಡೂ ಕೈ ಒಡ್ಡಿದಳು.

"ಕೊಡ್ಬ್ಯಾಡ ಅವ್ವ," ಎಂದ ಮುತ್ತುರಾಜ್, ಕೂತಲ್ಲಿಂದಲೇ.

ಮುದುಕಿ ಮಗನನ್ನು ನೋಡಿದಳು, ಅಂಗಳದ ಮೂಲೆಯ ತೊಟ್ಟಿಯನ್ನು ನೋಡಿದಳು. ಆಮೇಲೆ ಎರಡು ಹೆಜ್ಜೆ ಮುಂದೆ ಬಂದು ಮಗುವನ್ನು ಸೊಸೆಯ ಕೈಗೆ ಹಾಕಿದಳು. ಸೆರಗು ಜಾರಿ ತಲೆಗೂದಲು ಕಂಡಿತು. ಬುಡದವರೆಗೆ ಒದ್ದೆಯಾಗಿತ್ತು, ರವಿಕೆಯ ಬೆನ್ನೆಲ್ಲ ನೀರು. ನಾಗಾರ್ಜುನ ಹತ್ತಿರವೇ ಇದ್ದ, ಅವಳು ತುಟಿ ಅಲುಗಿಸದೆ ಹೇಳಿದ್ದು ಅವನಿಗೂ ಕೇಳಿಸಿತು.

"ತಿರುಗಿ ನೋಡ್ಬ್ಯಾಡ. ಹೋಗು."

ಸ್ವಪ್ನ ಮಗುವನ್ನು ಎದೆಗೊತ್ತಿಕೊಂಡು ಓಡುವಂತೆ ನಡೆದಳು. ಕಾಮಣ್ಣ ಅವಳನ್ನು ಆಟೋಗೆ ಹತ್ತಿಸಿದ, ಜಂಪಣ್ಣ ಗಾಡಿ ಚಾಲೂ ಮಾಡಿದ. ನಾಗಾರ್ಜುನನೂ ಒಂದು ಕಾಲು ಮೇಲಿಟ್ಟಿದ್ದ. ತಿರುಗಿ ನೋಡಿದ. ಮುತ್ತುರಾಜ್ ಜಗುಲಿಯಿಂದ ಎದ್ದಿದ್ದ. ತಾಯಿಯ ತೋಳು ಹಿಡಿದು ಒಳಗೆ ಕರೆದೊಯ್ಯುತ್ತಿದ್ದ, ಮಗ ತಾಯಿಯನ್ನು ಕರೆದೊಯ್ಯುವಂತೆಯೇ, ಮೆತ್ತಗೆ.

"ಹತ್ರಿ ಮಾಸ್ತರೆ!" ಎಂದು ಕಾಮಣ್ಣ ಕೂಗಿದ.

ನಾಗಾರ್ಜುನ ಕಾಲು ಕೆಳಗಿಳಿಸಿದ. ಇಂಥ ಭಯ ಅವನಿಗೆ ತಳಕಿನಲ್ಲೂ ಆಗಿರಲಿಲ್ಲ. ಆದರೂ ಅಂಗಳ ದಾಟಿ ನಡೆದ. ಬಾಗಿಲು ಪೂರ್ತಿ ಮುಚ್ಚುವ ಮೊದಲು ಅದಕ್ಕೆ ಕೈ ಅಡ್ಡ ಕೊಟ್ಟ.

"ಅಮ್ಮಾ, ನೀವೂ ಬರ್ರಿ," ಎಂದ. ಅದು ಪಿಸುಮಾತಾಗಿಯೇ ಬಂತು. ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದ.